ಮುಳ್ಳು ನಿಲ್ಲದ ರೆಗ್ಯುಲೇಟರ್: ಐವತ್ತು ವರ್ಷದ ಹಿತ್ತಾಳೆಗೆ ಎಷ್ಟು ಸಲ ಸರ್ವಿಸ್?

ಮುಳ್ಳು 135ರಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ಅಡುಗೆಮನೆಯ ನೆಲದ ಮೇಲೆ ಗಾಳಿ ತುಂಬಿದ ಸಿಲಿಂಡರ್, ಸಮುದ್ರದಡಿ ಇಳಿಯುವ ಡೈವರ್‌ಗಳು ಬೆನ್ನಿಗೆ ಕಟ್ಟುವಂಥದ್ದು. ಅದಕ್ಕೆ ಕಚ್ಚಿಸಿದ, ಅದರ ಗಾಳಿಯನ್ನು ಉಸಿರಾಡುವ ಹದಕ್ಕೆ ಇಳಿಸುವ ಹಳೇ ರೆಗ್ಯುಲೇಟರ್. ಅದರ ಒಂದು ಹೋಸ್‌ನ ತುದಿಗೆ ಅಂಗೈಯಗಲದ ಪ್ರೆಷರ್ ಗೇಜ್. ವಾಲ್ವ್ ತಿರುಗಿಸಿದ ಕೂಡಲೇ ಮುಳ್ಳು ಚಕ್ಕನೆ 135 ಪಿಎಸ್‌ಐಗೆ (ಒತ್ತಡದ ಅಳತೆ) ಬಂತು. ನಾನು ಕಾಫಿ ಬೆರೆಸಿಕೊಂಡು ಬರುವಷ್ಟರಲ್ಲಿ 142. ಲೋಟ ಖಾಲಿಯಾಗುವ ಹೊತ್ತಿಗೆ 155. ಆಮೇಲೆ ಬಾಯಿಗಿಡುವ ಭಾಗದಿಂದ ಸಣ್ಣಗೆ ಸುಯ್ ಅಂತ ಸದ್ದು ಶುರುವಾಯಿತು. 'ಪೂರ್ತಿ ಸರ್ವಿಸ್ ಆಗಿದೆ' ಎಂಬ ಚೀಟಿ ಕಟ್ಟಿಸಿಕೊಂಡು ಆ ಸಾಮಾನು ಅಂಗಡಿಯಿಂದ ಬಂದು ಇನ್ನೂ ಹದಿನೈದು ದಿನ ಆಗಿರಲಿಲ್ಲ.

ಹಳೇ ರೆಗ್ಯುಲೇಟರ್ ಇಟ್ಟುಕೊಂಡವರು ಮೊದಲು ಕೇಳುವ ಪ್ರಶ್ನೆ ಒಂದೇ. ಎಷ್ಟು ದಿನಕ್ಕೊಮ್ಮೆ ಬಿಚ್ಚಿ ಸರ್ವಿಸ್ ಮಾಡಿಸಬೇಕು? ನನಗೆ ಉತ್ತರ ಸಿಕ್ಕಿದ್ದು ಈ ಒಂದೇ ರೆಗ್ಯುಲೇಟರ್‌ನಿಂದ. ಅದಕ್ಕೆ ನಾಲ್ಕು ವರ್ಷ ಹಿಡಿಯಿತು.

ನಾನು ಕುಮಟಾ ಕಡೆಯವನು. ಈಗ ಇರುವುದು ಕ್ಯಾಲಿಫೋರ್ನಿಯಾದಲ್ಲಿ, ಮಾಂಟೆರಿ ಕೊಲ್ಲಿಗೆ ಒಂದೂವರೆ ಗಂಟೆ ದಾರಿ. ಅಲ್ಲಿನ ನೀರು ವರ್ಷವಿಡೀ 10ರಿಂದ 15 ಡಿಗ್ರಿ. ಮೈ ಕೊರೆಯುವ ಚಳಿ. ಆದರೆ ಕೆಲ್ಪ್ ಎಂಬ ಕಡಲಪಾಚಿ ಅಲ್ಲಿ ಅಡಿಕೆ ತೋಟದ ಹಾಗೆ ಸಾಲಾಗಿ ಮೇಲೇಳುತ್ತದೆ, ಅದರ ನಡುವೆ ಬಿಸಿಲು ಸೋಸಿ ಬೀಳುತ್ತದೆ. ಚಳಿ ಮರೆಯಲು ಅಷ್ಟು ಸಾಕು.

2021ರ ವಸಂತದಲ್ಲಿ ಒಂದು ಮನೆಯ ಗ್ಯಾರೇಜ್ ಸೇಲ್‌ನಲ್ಲಿ ಈ ರೆಗ್ಯುಲೇಟರ್ ಸಿಕ್ಕಿತು. ಸ್ಕೂಬಾಪ್ರೊ ಕಂಪನಿಯ ಎಂಕೆ-5 ಫಸ್ಟ್ ಸ್ಟೇಜ್, ಜೊತೆಗೆ 109 ಎಂಬ ನಂಬರಿನ ಸೆಕೆಂಡ್ ಸ್ಟೇಜ್. ಎರಡೂ 1970ರ ದಶಕದ ಸಾಮಾನು, ಎರಡೂ ಕ್ರೋಮ್ ಲೇಪಿಸಿದ ಗಟ್ಟಿ ಹಿತ್ತಾಳೆ. ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುತ್ತದೆ. ಈಗಿನ ಪ್ಲಾಸ್ಟಿಕ್ ಮೈಯ ಸೆಕೆಂಡ್ ಸ್ಟೇಜ್ ಇದರ ಮುಂದೆ ಆಟದ ಸಾಮಾನು. ಡಬ್ಬಿಯೊಳಗೆ ದಾರ ಕಟ್ಟಿದ ಸರ್ವಿಸ್ ಚೀಟಿಗಳಿದ್ದವು, ವರ್ಷಕ್ಕೊಂದರಂತೆ. ಕೊನೆಯದು 1998ರದ್ದು. ಅಲ್ಲಿಂದಾಚೆ ಇಪ್ಪತ್ತಮೂರು ವರ್ಷ ಗ್ಯಾರೇಜಿನಲ್ಲಿ ನಿದ್ದೆ.

ಇದು ಕೆಲಸ ಮಾಡುವ ಬಗೆ ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ತುಂಬಿದ ಸಿಲಿಂಡರಿನಲ್ಲಿ ಗಾಳಿ 3000 ಪಿಎಸ್‌ಐ ಒತ್ತಡದಲ್ಲಿರುತ್ತದೆ. ಫಸ್ಟ್ ಸ್ಟೇಜ್ ಅದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ 135 ಪಿಎಸ್‌ಐ ಆಸುಪಾಸು ಜಾಸ್ತಿ ಇರುವ ಮಟ್ಟಕ್ಕೆ ಇಳಿಸುತ್ತದೆ. ಆ ನಡುವಿನ ಒತ್ತಡವನ್ನು ಡೈವರ್‌ಗಳು ಐಪಿ ಅನ್ನುತ್ತಾರೆ. ಬಾಯಲ್ಲಿರುವ ಸೆಕೆಂಡ್ ಸ್ಟೇಜ್ ಅದನ್ನು ಇನ್ನೂ ಇಳಿಸಿ, ನಾವು ಉಸಿರೆಳೆದಾಗ ಮಾತ್ರ ಕೊಡುತ್ತದೆ. ಫ್ರಾನ್ಸಿನಲ್ಲಿ 1943ರಲ್ಲಿ ಕೂಸ್ಟೊ ಮತ್ತು ಗಾನ್ಯಾನ್ ಕೂಡಿ ಮಾಡಿದ ಅಕ್ವಾ-ಲಂಗ್‌ನಿಂದ ಇವತ್ತಿನವರೆಗೂ ಕೇಳಿದಾಗಷ್ಟೇ ಗಾಳಿ ಕೊಡುವ ಈ ಉಪಾಯ ಬದಲಾಗಿಲ್ಲ. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಕಾರುಗಳನ್ನು ಗ್ಯಾಸ್‌ನಲ್ಲಿ ಓಡಿಸಲು ಗಾನ್ಯಾನ್ ಮಾಡಿಕೊಂಡಿದ್ದ ವಾಲ್ವೇ ಅದರ ಮೂಲ.

ಎಂಕೆ-5ರ ಹೊಟ್ಟೆಯಲ್ಲಿರುವುದು ಒಂದು ಪಿಸ್ಟನ್, ನೋಡಲು ಅಣಬೆಯ ಹಾಗೆ. ತಲೆ ಅಗಲ, ಕಾಂಡ ಸಣ್ಣ, ಕಾಂಡದೊಳಗೆ ಉದ್ದಕ್ಕೂ ತೂತು. ಕಾಂಡದ ತುದಿಯ ಅಂಚನ್ನು ಚಾಕುವಿನ ಹಾಗೆ ಚೂಪು ಮಾಡಿರುತ್ತಾರೆ. ಆ ಅಂಚು ಒಂದು ಪ್ಲಾಸ್ಟಿಕ್ ಸೀಟಿನ ಮೇಲೆ ಕೂತರೆ ಗಾಳಿ ಬಂದ್. ಎದ್ದರೆ ಗಾಳಿ ಕಾಂಡದೊಳಗಿಂದ ತಲೆಯ ಕಡೆ ಹೋಗುತ್ತದೆ. ಅಲ್ಲಿ ಒತ್ತಡ 135 ಮುಟ್ಟಿತೋ, ತಲೆಯನ್ನು ಒತ್ತಿ ಮತ್ತೆ ಅಂಚನ್ನು ಸೀಟಿಗೆ ಕೂರಿಸುತ್ತದೆ. ಪ್ರತಿ ಉಸಿರಿಗೂ ಒಮ್ಮೆ ಎದ್ದು ಕೂರುತ್ತದೆ. ಒಂದು ಡೈವ್‌ನಲ್ಲಿ ನೂರಾರು ಸಲ.

ಅಂಚು ಸೀಟಿನ ಮೇಲೆ ಸರಿಯಾಗಿ ಕೂತಿದೆಯಾ ಇಲ್ಲವಾ ಎಂದು ಹೇಳುವುದು ಗೇಜಿನ ಮುಳ್ಳು. 135ಕ್ಕೆ ಬಂದು ಗೂಟ ಹೊಡೆದ ಹಾಗೆ ನಿಂತರೆ ಸರಿ. ಮೆಲ್ಲಗೆ ಏರುತ್ತಿದ್ದರೆ ಎಲ್ಲೋ ಕೂದಲೆಳೆಯಷ್ಟು ಸಂದಿನಿಂದ ಸಿಲಿಂಡರಿನ ಗಾಳಿ ನುಸುಳುತ್ತಿದೆ ಎಂದರ್ಥ. ಇದಕ್ಕೆ ಕ್ರೀಪ್ ಎನ್ನುತ್ತಾರೆ.

ಈಗ ಕಥೆಗೆ ಬರುತ್ತೇನೆ. ಕೊಂಡ ದಿನವೇ ಗೇಜ್ ಹಾಕಿ ನೋಡಿದ್ದೆ. 140. ಅರ್ಧ ಗಂಟೆ ಬಿಟ್ಟು ನೋಡಿದರೂ 140. ಉಸಿರೂ ಸಲೀಸು. ಹೀಗೇ ನೀರಿಗೆ ಇಳಿದುಬಿಡೋಣ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ತಡೆದವರು ನನ್ನ ಡೈವ್ ಜೊತೆಗಾರರು. ಎಪ್ಪತ್ತು ದಾಟಿದವರು. ಈಗಲೂ ಎರಡು ಹೋಸ್‌ನ, ಡಿಎ ಅಕ್ವಾಮಾಸ್ಟರ್ ಎಂಬ ಹಳೇ ಕಾಲದ ರೆಗ್ಯುಲೇಟರ್ ಬೆನ್ನಿಗೆ ಹಾಕಿಕೊಂಡು ಇಳಿಯುತ್ತಾರೆ. ಇಪ್ಪತ್ತು ವರ್ಷ ಮಲಗಿದ ರಬ್ಬರ್ ಮೊದಲ ದಿನದ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಕೈ ಕೊಡುವುದು ಹತ್ತನೇ ದಿನ ಎಂದರು.

ಅವರ ಮಾತು ಸರಿ ಎಂದು ಬಿಚ್ಚಿದಾಗ ಗೊತ್ತಾಯಿತು. ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆಗಳು, ಅಂದರೆ ಓ-ರಿಂಗ್‌ಗಳು, ದುಂಡಗಿರಬೇಕಾದಲ್ಲಿ ಚೌಕವಾಗಿ ಚಪ್ಪಟೆಯಾಗಿದ್ದವು. ಉಗುರಿನಿಂದ ಒತ್ತಿದರೆ ಗುರುತೇ ಬೀಳುತ್ತಿರಲಿಲ್ಲ. ಹಳೇ ಕುಕ್ಕರ್ ಗ್ಯಾಸ್ಕೆಟ್ ನೋಡಿದ್ದೀರಲ್ವಾ, ಅದೇ ಸ್ಥಿತಿ. ಹೋಸನ್ನು ಲೋಹದ ತುದಿಯ ಹತ್ತಿರ ಬಗ್ಗಿಸಿದರೆ ಬೇಸಿಗೆಯ ಕೆರೆ ತಳದ ಹಾಗೆ ಬಿರುಕು. ಗಾಳಿ ಒಳಗೆ ಬರುವ ಜಾಗದ ಫಿಲ್ಟರ್ ಮೇಲೆ ಹಸಿರು ಕಿಲುಬು. ಫಿಲ್ಟರಿನ ಬಣ್ಣ ಓದಲು ಕಲಿತರೆ ಅರ್ಧ ಚರಿತ್ರೆ ಅಲ್ಲೇ ಸಿಗುತ್ತದೆ. ಹಸಿರಿದ್ದರೆ ಯಾವತ್ತೋ ಮುಚ್ಚಳ ಹಾಕದೆ ತೊಳೆದು ಉಪ್ಪುನೀರು ಒಳಗೆ ಹೋಗಿದೆ. ಕೆಂಪಿದ್ದರೆ ಉಕ್ಕಿನ ಸಿಲಿಂಡರ್ ಒಳಗಡೆ ತುಕ್ಕು ಹಿಡಿದಿದೆ. ಬೂದು ಪುಡಿ ಇದ್ದರೆ ಅಲ್ಯೂಮಿನಿಯಂ ಸಿಲಿಂಡರಿನದ್ದು.

ಸಿಲಿಂಡರಿಗೆ ಕಚ್ಚಿಸುವ ಯೋಕ್ ಎಂಬ ಹಿಡಿಕೆಯನ್ನೂ ಬದಲಿಸಬೇಕಾಯಿತು. ಇದರದ್ದು ತೆಳ್ಳಗಿನದು. ಆ ಕಾಲದಲ್ಲಿ ಹೆಚ್ಚಿನವರ ಬೆನ್ನಿಗಿದ್ದ ಉಕ್ಕಿನ ಸಿಲಿಂಡರಿನ ಒತ್ತಡ 2250 ಪಿಎಸ್‌ಐ. ಈಗಿನ 3000ಕ್ಕೆ ಅದನ್ನು ನಂಬಲು ನನಗೆ ಮನಸ್ಸಾಗಲಿಲ್ಲ. ಹೊಸ ಕಾಲದ ದಪ್ಪ ಯೋಕ್ ಹಾಕಿಸಿದೆ. ಅಂದ ಸ್ವಲ್ಪ ಕೆಟ್ಟಿತು, ಇರಲಿ.

ಅಷ್ಟು ನೋಡಿ, ಕೆಲಸವನ್ನು ಒಂದು ಡೈವ್ ಅಂಗಡಿಗೆ ಕೊಟ್ಟೆ. ಎರಡು ವಾರಕ್ಕೆ ವಾಪಸ್ ಬಂತು. ಬಿಲ್ಲು ನಾನು ರೆಗ್ಯುಲೇಟರಿಗೆ ಕೊಟ್ಟ ಬೆಲೆಗಿಂತ ಜಾಸ್ತಿ. ಫಳಫಳ ಹೊಳೆಯುತ್ತಿತ್ತು. ಕೌಂಟರಿನಲ್ಲೇ ಸಿಲಿಂಡರಿಗೆ ಹಾಕಿ ತೋರಿಸಿದರು, ಸದ್ದಿಲ್ಲ. ಎರಡು ಡೈವ್ ಮಾಡಿದೆ. ಎಳೆಯುವುದು ಯಾಕೋ ಸ್ವಲ್ಪ ಬಿಗಿ ಅನ್ನಿಸಿತು. 109ರ ಪಕ್ಕದಲ್ಲಿ ಒಂದು ನಾಬ್ ಇರುತ್ತದೆ. ಬಲಕ್ಕೆ ತಿರುಗಿಸಿದರೆ ಒಳಗಿನ ಸ್ಪ್ರಿಂಗ್ ಬಿಗಿಯಾಗುತ್ತದೆ, ಎಡಕ್ಕೆ ತಿರುಗಿಸಿದರೆ ಸಡಿಲ. ಮೂರನೇ ಡೈವ್‌ನಲ್ಲಿ ಅದನ್ನು ಪೂರ್ತಿ ಎಡಕ್ಕೆ ಬಿಟ್ಟೆ. ಗುಳುಗುಳು ಅಂತ ಗುಳ್ಳೆ ಹೊರಟಿತು. ಬಲಕ್ಕೆ ತಿರುಗಿಸಿದರೆ ನಿಲ್ಲುತ್ತಿತ್ತು, ಎಡಕ್ಕೆ ಬಿಟ್ಟರೆ ಮತ್ತೆ ಗುಳ್ಳೆ.

ಅಂಗಡಿಯಿಂದ ಬಂದಾಗ ನಾಬ್ ಪೂರ್ತಿ ಬಲಕ್ಕೆ ಬಿಗಿದಿತ್ತು ಎಂಬುದು ಆಗ ನೆನಪಾಯಿತು. ಮನೆಗೆ ಬಂದು ಗೇಜ್ ಹಾಕಿದಾಗ ಕಂಡದ್ದೇ ಮೊದಲು ಹೇಳಿದ ಆ ಅಡುಗೆಮನೆಯ ದೃಶ್ಯ. ಐಪಿ ಏರುತ್ತಿದೆ. ಏರಿದ ಒತ್ತಡ ಸೆಕೆಂಡ್ ಸ್ಟೇಜಿನ ಬಾಗಿಲನ್ನು ತಳ್ಳುತ್ತಿದೆ. ಬಿಗಿದ ಸ್ಪ್ರಿಂಗ್ ಅದನ್ನು ಹಿಡಿದಿಟ್ಟು ಕಾಯಿಲೆಯನ್ನು ಮುಚ್ಚಿಟ್ಟಿದೆ. ಬೇಕೆಂದೇ ಮಾಡಿದ್ದು ಅಂತ ಹೇಳಲಾರೆ. ಸುಮ್ನೆ ಸದ್ದು ನಿಂತಿತಲ್ಲ ಎಂದು ಬಿಟ್ಟಿರಬಹುದು.

ಇಲ್ಲಿ ಒಂದು ಸಮಾಧಾನದ ವಿಷಯವಿದೆ. ಇಂಥ ಸೆಕೆಂಡ್ ಸ್ಟೇಜಿನ ವಾಲ್ವ್ ಗಾಳಿ ಹರಿಯುವ ದಿಕ್ಕಿಗೇ ತೆರೆಯುತ್ತದೆ. ಒತ್ತಡ ಏರಿದರೆ ಅದು ತೆರೆದುಕೊಳ್ಳುತ್ತದೆ, ಮುಚ್ಚಿಕೊಳ್ಳುವುದಿಲ್ಲ. ಗಾಳಿ ದಂಡವಾಗುತ್ತದೆ, ಉಸಿರು ಕಟ್ಟುವುದಿಲ್ಲ. ಹಾಗಂತ ಸಿಲಿಂಡರ್ ಬೇಗ ಖಾಲಿಯಾಗುವುದೂ ಸಣ್ಣ ವಿಷಯವಲ್ಲ. 20 ಮೀಟರ್ ಕೆಳಗಿದ್ದಾಗಂತೂ ಅಲ್ಲವೇ ಅಲ್ಲ.

ಅಂಗಡಿಗೆ ವಾಪಸ್ ಒಯ್ದರೆ ಹಳೇ ಸಾಮಾನು ಹೀಗೇ, ಹೊಸದು ತಗೊಳ್ಳಿ ಎಂದರು. ಆಗ ಆ ಡೈವ್ ಜೊತೆಗಾರರ, ನಮ್ಮ ಎಪ್ಪತ್ತರ ಯಜಮಾನರ, ಗ್ಯಾರೇಜಿಗೆ ಹೋದೆ. ರೆಗ್ಯುಲೇಟರ್ ರಿಪೇರಿ ಕಲಿತು ವರ್ಷಗಟ್ಟಲೆ ಮಾಡಿದ ಕೈ ಅವರದ್ದು. ಇದು ಉಸಿರಾಡುವ ಸಾಮಾನು. ಮೊದಲ ಸಲ ಬಿಚ್ಚುವವರ ಪಕ್ಕ ಗೊತ್ತಿರುವವರೊಬ್ಬರು ಇರಲೇಬೇಕು.

ಅವರು ಪಿಸ್ಟನ್ ಹೊರತೆಗೆದು, ತುದಿಯನ್ನು ಹತ್ತು ಪಟ್ಟು ದೊಡ್ಡದು ಮಾಡುವ ಗಾಜಿನ ಕೆಳಗೆ ಹಿಡಿದು, ದೀಪಕ್ಕೆ ವಾರೆ ಮಾಡಿ ತಿರುಗಿಸಿದರು. ಅಂಚಿನ ಉಂಗುರ ಸುತ್ತಲೂ ಒಂದೇ ಸಮ ಮಿನುಗಿತು. ಒಂದೇ ಒಂದು ಕಡೆ ಬೆಳಕು ಮುರಿಯಿತು. ಅಲ್ಲೊಂದು ಮುಕ್ಕು ಬಿದ್ದಿತ್ತು. ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಹೊಸ ಸೀಟನ್ನು ತೆಗೆದು ನೋಡಿದರೆ, ಅದರ ಮೇಲೆ ಮೂಡಿದ ವೃತ್ತದಲ್ಲೂ ಅದೇ ಜಾಗದಲ್ಲಿ ಒಂದು ಉಬ್ಬು. ಕೀಲಿಗೆ ಬೀಗ ಹೊಂದಿದ ಹಾಗೆ.

ಉಕ್ಕಿನ ಮೊನೆ ಹಾಕಿ ಓ-ರಿಂಗ್ ಕಿತ್ತರೆ ಆಗುವ ಗಾಯ ಅದು ಎಂದರು. ಹಿತ್ತಾಳೆ ಕಡ್ಡಿ ಇಲ್ಲವೇ ಪ್ಲಾಸ್ಟಿಕ್ ಕಡ್ಡಿಯಲ್ಲಿ ಕೀಳಬೇಕು. ಈ ಸಲದ ಸರ್ವಿಸ್‌ನಲ್ಲೇ ಆಯಿತಾ, 1985ರಲ್ಲೇ ಆಗಿತ್ತಾ, ಪಿಸ್ಟನ್ ಬಾಯಿ ಬಿಟ್ಟು ಹೇಳುವುದಿಲ್ಲ. ಒಂದು ಮಾತ್ರ ಹೇಳಬಹುದು. ಇಪ್ಪತ್ತಮೂರು ವರ್ಷ ಮಲಗಿ ಎದ್ದ ದಿನ ಮುಳ್ಳು 140ರಲ್ಲಿ ನಿಂತಿತ್ತು. ಸರ್ವಿಸ್ ಆದ ಮೇಲೆ ನಿಲ್ಲಲಿಲ್ಲ. ಹಳೇ ಸೀಟು ಮುಕ್ಕಿಗೆ ಒಗ್ಗಿಕೊಂಡು ಕೂತಿದ್ದಿರಬಹುದು, ಇಲ್ಲವೇ ಆಗ ಮುಕ್ಕೇ ಇರಲಿಲ್ಲ. ಎರಡರಲ್ಲಿ ಯಾವುದಾದರೂ, ಕೈ ಹಾಕಿದ್ದರಿಂದಲೇ ಕಾಯಿಲೆ ಹೊರಬಿತ್ತು.

ಡಬ್ಬಿಯಲ್ಲಿದ್ದ ಆ ಚೀಟಿಗಳನ್ನು ಆಮೇಲೆ ಬೇರೆಯದೇ ಕಣ್ಣಿನಿಂದ ನೋಡಿದೆ. ಮೊದಲು ಅವು ಆರೈಕೆಯ ಗುರುತು ಅನ್ನಿಸಿದ್ದವು. ಈಗ ಒಂದೊಂದು ಚೀಟಿಯೂ ಯಾರೋ ಒಬ್ಬರು ಇದರ ಹೊಟ್ಟೆಗೆ ಕೈ ಹಾಕಿದ ಲೆಕ್ಕವಾಗಿ ಕಂಡಿತು.

ಇದು ನನ್ನೊಬ್ಬನ ತಲೆಹರಟೆ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಕೋಸ್ಟಲ್ ಕಮಾಂಡ್ ವಿಮಾನಗಳ ರಿಪೇರಿ ಲೆಕ್ಕವನ್ನು ವಾಡಿಂಗ್ಟನ್ ಎಂಬ ವಿಜ್ಞಾನಿ ನೋಡಿದರು. ಪ್ರತಿ 50 ಗಂಟೆ ಹಾರಾಟಕ್ಕೊಮ್ಮೆ ತಪಾಸಣೆ ಮಾಡುವ ಕಟ್ಟಳೆ ಇತ್ತು. ತಪಾಸಣೆ ಆದ ಕೂಡಲೇ ಕೆಡುವುದು ಜಾಸ್ತಿ, ಗಂಟೆ ಕಳೆದಂತೆ ಕಡಿಮೆ. ಆಗಬೇಕಾದದ್ದಕ್ಕೆ ತದ್ವಿರುದ್ಧ. ಚೆನ್ನಾಗಿದ್ದದ್ದನ್ನು ಸುಮ್ನೆ ಬಿಚ್ಚಿ ಕೂಡಿಸಿದ್ದೇ ಕಾರಣ. ಆ ವಿದ್ಯಮಾನಕ್ಕೆ ಅವರ ಹೆಸರೇ ಉಳಿದಿದೆ.

ರಿಪೇರಿ ಬೇಗ ಮುಗಿಯಿತು. ಕೆಟ್ಟ ಇನ್ನೊಂದು ಎಂಕೆ-5ರಿಂದ ಒಳ್ಳೇ ಅಂಚಿನ ಪಿಸ್ಟನ್ ಸಿಕ್ಕಿತು. ಹೊಸ ಸೀಟು ಹಾಕಿದೆವು. ಇದರಲ್ಲಿ ಐಪಿ ಹೊಂದಿಸುವುದು ಸ್ಪ್ರಿಂಗ್ ಕೆಳಗೆ ತೆಳು ವಾಷರ್ ಸೇರಿಸಿಯೋ ತೆಗೆದೋ. ಒಂದು ವಾಷರ್ ತೆಗೆದಾಗ 135ಕ್ಕೆ ಬಂತು. ಹೊಸ ಸೀಟು ತನ್ನ ಜಾಗಕ್ಕೆ ಕೂರಲು ಸಮಯ ಬೇಕು. ಗಾಳಿ ತೆರೆದಿಟ್ಟು ಟಿವಿ ನೋಡುತ್ತ, ಒತ್ತಿದರೆ ಸೆಕೆಂಡ್ ಸ್ಟೇಜಿನಿಂದ ಗಾಳಿ ಬಿಡುವ ಪರ್ಜ್ ಬಟನ್ ಇನ್ನೂರು ಮುನ್ನೂರು ಸಲ ಒತ್ತಿದೆ. ಮಾರನೇ ದಿನ ಮತ್ತೆ ಅಳತೆ. ಮುಳ್ಳು ನಿಂತಿತ್ತು. ಮೊದಲ ಡೈವ್ ಈಜುಕೊಳದಲ್ಲಿ, ಎರಡನೆಯದು 5 ಮೀಟರಿನಲ್ಲಿ.

ಹಿತ್ತಾಳೆ ತೊಳೆಯುವ ವಿಷಯ ಒಂದು ಮಾತು. ಅವರು ಬಿಳಿ ವಿನಿಗರಿಗೆ ಅರ್ಧ ನೀರು ಬೆರೆಸಿ ಹತ್ತು ನಿಮಿಷ ನೆನೆಸಿದರು. ಕಿಲುಬು ಕರಗಿ ಹೋಯಿತು. ನನಗೆ ನಗು ಬಂತು. ನಮ್ಮ ಮನೆಯಲ್ಲಿ ದೀಪ, ತಂಬಿಗೆಗೆ ಹುಣಸೆಹಣ್ಣು ತಿಕ್ಕುವುದೂ ಇದೇ ಲೆಕ್ಕ. ಆದರೆ ರಾತ್ರಿಯಿಡೀ ಬಿಟ್ಟರೆ ಹಿತ್ತಾಳೆಯೊಳಗಿನ ಸತು ಕರಗಿ, ಲೋಹ ಗುಲಾಬಿ ಬಣ್ಣಕ್ಕೆ ತಿರುಗಿ ಪುಡಿಪುಡಿಯಾಗುತ್ತದೆ. ಪ್ರತಿ ಸರ್ವಿಸ್‌ಗೂ ಒಂದು ಹುಳಿ ಸ್ನಾನ. ಇಪ್ಪತ್ತು ಸಲ ಆದರೆ ಕ್ರೋಮ್ ಉಳಿಯುತ್ತದಾ?

ಅಲ್ಲಿಂದ ಒಂದು ನೋಟ್‌ಬುಕ್ ಇಟ್ಟೆ. ಡೈವ್‌ಗೆ ಹೋಗುವ ಹಿಂದಿನ ರಾತ್ರಿ ಮೂರು ಕೆಲಸ. ಮೊದಲು ಗೇಜ್ ಹಾಕಿ ಐಪಿ, ತೆರೆದ ಕೂಡಲೇ ಒಮ್ಮೆ, ಐದು ನಿಮಿಷಕ್ಕೆ ಒಮ್ಮೆ. ಆಮೇಲೆ ಪಾತ್ರೆ ನೀರು. ಸೆಕೆಂಡ್ ಸ್ಟೇಜನ್ನು ಬಾಯಿ ಮೇಲಾಗಿ ಹಿಡಿದು, ಬಾಯಿಗೆ ನೀರು ಹೋಗದಂತೆ ಮೆಲ್ಲಗೆ ಇಳಿಸುವುದು. ಡಯಾಫ್ರಮ್ ಎಂಬ ರಬ್ಬರ್ ಪರದೆಗೆ ನೀರು ಮುಟ್ಟಿದಲ್ಲಿಂದ ಸುಯ್ ಎನ್ನುವವರೆಗೆ ಎಷ್ಟು ಆಳ? ಒಂದು ಇಂಚು, ಒಂದೂಕಾಲು ಇಂಚು ಇದ್ದರೆ 109ಕ್ಕೆ ಒಳ್ಳೆಯದು. ಕೊನೆಗೆ ಸಿಲಿಂಡರಿನಿಂದ ತೆಗೆದು, ಮುಚ್ಚಳ ಬಿಗಿದು, ಬಾಯಿಗಿಟ್ಟು ಎಳೆಯುವುದು. ಏನೂ ಬರಬಾರದು. ಗಾಳಿ ಬಂದರೆ ಡಯಾಫ್ರಮ್ಮೋ ಉಸಿರು ಹೊರಬಿಡುವ ಎಕ್ಸಾಸ್ಟ್ ವಾಲ್ವೋ ಸೋರುತ್ತಿದೆ, ನೀರಲ್ಲಿ ಅಲ್ಲಿಂದ ಗಾಳಿಯ ಬದಲು ನೀರು ಬರುತ್ತದೆ. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ.

ಎರಡೂವರೆ ವರ್ಷ ಪುಟದ ಮೇಲೆ ಪುಟ 135, 136, 135. ಓದಲು ಬೇಜಾರು ಬರುವಂಥ ಪುಸ್ತಕ. ಕಂಪನಿಗಳ ಮಾತು ಕೇಳಿದ್ದರೆ ಅಷ್ಟರಲ್ಲಿ ಒಂದೆರಡು ಸಲ ಬಿಚ್ಚಿಸಬೇಕಿತ್ತು. ವರ್ಷಕ್ಕೊಮ್ಮೆ ತಪಾಸಣೆ, ವರ್ಷಕ್ಕೋ ಎರಡು ವರ್ಷಕ್ಕೋ ಪೂರ್ತಿ ಸರ್ವಿಸ್, ಕೆಲವರ ಪ್ರಕಾರ 100 ಡೈವ್. ಆ ತಪಾಸಣೆ ಬೇಕು ಎಂಬುದರಲ್ಲಿ ನನಗೆ ತಕರಾರಿಲ್ಲ. ನಾನದನ್ನು ವಾರವಾರ ಮಾಡುತ್ತಿದ್ದೆ. ಬಿಚ್ಚುವುದು ಬೇರೆ ಮಾತು.

ಇಲ್ಲಿಗೇ ನಿಲ್ಲಿಸಿದ್ದರೆ 'ಕೆಡದ ಹೊರತು ಮುಟ್ಟಬೇಡಿ' ಎಂದು ಬರೆದು ಮುಗಿಸುತ್ತಿದ್ದೆ. 2023ರ ಡಿಸೆಂಬರಿನಲ್ಲಿ ಊರಿಗೆ ಬಂದೆ. ರೆಗ್ಯುಲೇಟರ್ ಜೊತೆಗೇ ತಂದಿದ್ದೆ. ಮುರುಡೇಶ್ವರದಿಂದ ಬೋಟಿನಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಎರಡು ದಿನ ಇಳಿದೆ. ಮಾಂಟೆರಿಯ ಚಳಿ ಕಂಡವನಿಗೆ ಆ ನೀರು ಬಚ್ಚಲ ಹಂಡೆ. ಮೀನುಗಳ ಹಿಂಡು ನೋಡುತ್ತ ಗಾಳಿಯ ಲೆಕ್ಕವೇ ಮರೆತಿದ್ದೆ.

ತಪ್ಪು ಮಾಡಿದ್ದು ಆಮೇಲೆ. ಬೋಟಿನಲ್ಲಿ ಎಲ್ಲರ ಸಾಮಾನೂ ಅದ್ದುವ ಒಂದೇ ಬಕೆಟ್. ಅಷ್ಟು ಹೊತ್ತಿಗೆ ಅದರ ನೀರೂ ಅರೆ ಉಪ್ಪು. ಒಮ್ಮೆ ಅದ್ದಿ, ಚೀಲಕ್ಕೆ ತುರುಕಿ, ಕುಮಟಾ ಮನೆಯ ಅಟ್ಟದ ಮೇಲಿಟ್ಟೆ. ಮದುವೆ, ಊಟ, ನೆಂಟರು. ಮೂರು ವಾರ ಅದರ ನೆನಪೇ ಇಲ್ಲ. ನಮ್ಮ ಕಡೆ ಗಾಳಿಗೇ ಉಪ್ಪಿದೆ. ಕಿಟಕಿ ಸರಳು ತಿನ್ನುವ ಗಾಳಿ ಅದು.

ಎಂಕೆ-5ರಲ್ಲಿ ಸ್ಪ್ರಿಂಗ್ ಇರುವ ಕೋಣೆ ಸಮುದ್ರಕ್ಕೆ ತೆರೆದಿರುತ್ತದೆ. ಸುತ್ತಲೂ ತೂತು. ಆಳದ ಒತ್ತಡ ಪಿಸ್ಟನ್ನಿಗೆ ಗೊತ್ತಾಗಬೇಕಾದರೆ ನೀರು ಒಳಗೆ ಬರಲೇಬೇಕು. ನೀರು ಆರಿದ ಮೇಲೆ ಉಪ್ಪು ಅಲ್ಲೇ ಉಳಿಯುತ್ತದೆ. ಕ್ಯಾಲಿಫೋರ್ನಿಯಾಕ್ಕೆ ಮರಳಿ ಸಿಲಿಂಡರಿಗೆ ಹಾಕಿ ಬಕೆಟ್ಟಿನಲ್ಲಿ ಮುಳುಗಿಸಿದರೆ, ಆ ತೂತಿನಿಂದ ಸೂಜಿಮೊನೆಯಷ್ಟು ಸಣ್ಣ ಗುಳ್ಳೆಗಳ ಸರ. ಮುಳ್ಳು ಆಗಲೂ 135ರಲ್ಲೇ ನಿಂತಿತ್ತು. ಬರೀ ಗೇಜ್ ನಂಬಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಬಿಚ್ಚಿದಾಗ ಸ್ಪ್ರಿಂಗ್ ಸುರುಳಿಯ ಸಂದಿಗಳಲ್ಲಿ ಬಿಳಿ ಹರಳು. ಪಿಸ್ಟನ್ ತಲೆಯ ಓ-ರಿಂಗ್ ಆ ಹರಳಿನ ಮೇಲೆ ಉಜ್ಜಿ ಒಂದು ಕಡೆ ಒರಟಾಗಿತ್ತು. ಹಿಂದಿನ ಬಾರಿ ಸೀಟು ಹಾಕಿದ ತಾರೀಕಿನ ಲೆಕ್ಕದಲ್ಲಿ ಇದು ಬೇಗವೋ ತಡವೋ ಎಂದು ಕೇಳಿದರೆ ಅರ್ಥವೇ ಇಲ್ಲ. ನೇತ್ರಾಣಿಯ ಆ ಸಂಜೆಯ ಲೆಕ್ಕದಲ್ಲಿ ಮೂರು ವಾರ ತಡ.

ಈಗ ತೊಳೆಯುವ ಪದ್ಧತಿ ಬದಲಾಗಿದೆ. ಸಾಧ್ಯವಾದಾಗೆಲ್ಲ ಸಿಲಿಂಡರಿಗೆ ಕಚ್ಚಿಸಿ, ಗಾಳಿ ತೆರೆದೇ, ಉಗುರುಬೆಚ್ಚಗಿನ ನೀರಲ್ಲಿ ಗಂಟೆಗಟ್ಟಲೆ ನೆನೆಸುತ್ತೇನೆ. ಗಾಳಿ ಇಲ್ಲದೆ ನೆನೆಸುವಾಗ ಪರ್ಜ್ ಬಟನ್ ಮುಟ್ಟುವುದಿಲ್ಲ. ಒತ್ತಿದರೆ ವಾಲ್ವ್ ತೆರೆದು ನೀರು ಹೋಸ್‌ನೊಳಗೆ ಹತ್ತುತ್ತದೆ. ಎತ್ತಿಡುವಾಗ ನಾಬ್ ಪೂರ್ತಿ ಎಡಕ್ಕೆ. ಗಾಳಿ ಇಲ್ಲದಾಗ ಫಸ್ಟ್ ಸ್ಟೇಜಿನ ಸೀಟಿನ ಮೇಲೆ ಭಾರವಿರುವುದಿಲ್ಲ, ಸೆಕೆಂಡ್ ಸ್ಟೇಜಿನ ಸೀಟಿನ ಮೇಲೆ ಮಾತ್ರ ಸ್ಪ್ರಿಂಗ್ ಹಗಲೂ ರಾತ್ರಿ ಒತ್ತಿರುತ್ತದೆ. ಬಿಗಿದು ಮುಚ್ಚಿದ ನಲ್ಲಿಯ ವಾಷರಿನ ಹಾಗೆ ಅದರಲ್ಲಿ ಉಂಗುರದ ಗುಂಡಿ ಬೀಳುತ್ತದೆ. ಅದಕ್ಕೇ ಸುಮ್ನೆ ಎತ್ತಿಟ್ಟ ರೆಗ್ಯುಲೇಟರ್ ಓಡುವ ರೆಗ್ಯುಲೇಟರಿಗಿಂತ ಬೇಗ ಕೆಡುವುದು. ಹಳೇ ಯೆಜ್ಡಿ ಬೈಕ್ ಇಟ್ಟುಕೊಂಡ ಮೈಸೂರಿನವರನ್ನು ಕೇಳಿ, ಇದೇ ಹೇಳುತ್ತಾರೆ.

ನನ್ನ ಲೆಕ್ಕ ಈಗ ಹೀಗಿದೆ. ಒಂದು ವರ್ಷಕ್ಕಿಂತ ಜಾಸ್ತಿ ಮಲಗಿದ್ದರೆ, ಮುಳ್ಳು ಏನೇ ಹೇಳಲಿ, ಬಿಚ್ಚುತ್ತೇನೆ. ಒಳಗೆ ನೀರು ಹೋಗಿದ್ದರೆ ಅದೇ ವಾರ. ಕ್ರೀಪ್, ಗುಳ್ಳೆ, ಎಳೆತದಲ್ಲಿ ಬದಲಾವಣೆ ಕಂಡರೆ ಅದೇ ದಿನ ಪಕ್ಕಕ್ಕೆ. ಇದ್ಯಾವುದೂ ಇಲ್ಲದಿದ್ದರೆ ಮೂರು ವರ್ಷಕ್ಕೊಮ್ಮೆ, ಯಾಕೆಂದರೆ ರಬ್ಬರಿಗೆ ವಯಸ್ಸಾಗುವುದು ಗೇಜಿಗೆ ಕಾಣುವುದಿಲ್ಲ. ಹೋಸ್‌ಗಳು ಐದು ವರ್ಷ, ನೋಡಲು ಎಷ್ಟೇ ಚೆನ್ನಾಗಿರಲಿ. ಗೇಜ್ ಇಲ್ಲದವರು, ಅಳತೆ ಬರೆದಿಡಲು ಬೇಜಾರು ಪಡುವವರು ಕಂಪನಿ ಹೇಳಿದ ತಾರೀಕನ್ನೇ ಹಿಡಿಯಲಿ. ಅವರಿಗೆ ಅದೇ ಸರಿ. ಯಜಮಾನರ ಡಿಎ ಅಕ್ವಾಮಾಸ್ಟರಿಗೆ ಈ ಲೆಕ್ಕ ಹೊಂದುವುದಿಲ್ಲ. ಅದರ ಸುಕ್ಕು ಹೋಸ್‌ಗಳು, ಉಸಿರು ಹೊರಬಿಡುವ ಬಾತುಕೋಳಿ ಕೊಕ್ಕಿನಂಥ ರಬ್ಬರ್ ವಾಲ್ವ್, ದೊಡ್ಡ ಡಯಾಫ್ರಮ್, ಎಲ್ಲವನ್ನೂ ಅವರು ಪ್ರತಿ ಸೀಸನ್ ಶುರುವಿಗೆ ಬಿಚ್ಚಿ ಕೈಯಾಡಿಸಿ ನೋಡುತ್ತಾರೆ.

ಶನಿವಾರ ಮಾಂಟೆರಿ ಹತ್ತಿರದ ಪಾಯಿಂಟ್ ಲೋಬೋಸ್‌ಗೆ ಡೈವ್‌ಗೆ ಹೋಗುವುದಿದೆ. ನಿನ್ನೆ ರಾತ್ರಿ ಅಳೆದೆ. ತೆರೆದಾಗ 136, ಐದು ನಿಮಿಷಕ್ಕೆ 139. ಹತ್ತು ನಿಮಿಷಕ್ಕೂ 139. ಮೂರು ಪಿಎಸ್‌ಐ ಏರಿ ನಿಂತಿದೆ. ದೊಡ್ಡದಲ್ಲ, ಆದರೆ ಈ ಪುಸ್ತಕದಲ್ಲಿ ಹೊಸದು. ಯಜಮಾನರಿಗೆ ಫೋನ್ ಮಾಡಿದೆ. ಇದನ್ನೂ ನಿನ್ನ ಹೊಸ ರೆಗ್ಯುಲೇಟರನ್ನೂ ತಗೊಂಡು ಬಾ, ಇಳಿಯುವುದು ಹೊಸದರಲ್ಲಿ, ಇದನ್ನು ವಾಪಸ್ ಬಂದ ಮೇಲೆ ಗ್ಯಾರೇಜಿನಲ್ಲಿ ನೋಡೋಣ ಎಂದರು.